ಹೊಳಪು ನೋಡಿ ಜಲಜನಕ ಎಣಿಸುವುದು ಹೇಗೆ?

ಓದುಗರ ಪತ್ರ: ಭೂಮಿಯ ಜಲಜನಕದ ಹೊದಿಕೆ ಚಂದ್ರನ ಆಚೆಗೂ ಹಬ್ಬಿದೆಯಂತೆ. ಅಲ್ಲಿಂದ ಯಾರೂ ಅನಿಲ ಹಿಡಿದು ತಂದಿಲ್ಲ. ಬರೀ ಹೊಳಪು ನೋಡಿ ಇಷ್ಟು ಪರಮಾಣು ಎನ್ನುವುದು ಊಹೆಯಲ್ಲವೇ?

ಸಂಪಾದಕರ ಉತ್ತರ: ಊಹೆಯಲ್ಲ. ಆದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ. ಹೊಳಪನ್ನು ಅಳೆಯಬಹುದು, ಅದರಲ್ಲಿ ಭೂಮಿಯ ಪಾಲೆಷ್ಟು ಎಂದು ಬಿಡಿಸುವುದೇ ಕಷ್ಟದ ಕೆಲಸ.

ಸೂರ್ಯ ಸೂಸುವ ನೇರಳಾತೀತ ಬೆಳಕಿನಲ್ಲಿ 121.6 ನ್ಯಾನೊಮೀಟರ್‌ನ ಲೈಮನ್ ಆಲ್ಫಾ ಕಿರಣವಿದೆ. ಜಲಜನಕದ ಪರಮಾಣು ಇದನ್ನು ನುಂಗಿ ಆ ಕ್ಷಣವೇ ಇನ್ನೊಂದು ದಿಕ್ಕಿಗೆ ಉಗುಳುತ್ತದೆ. ಕೆಳಗಿನ ಗಾಳಿ ಈ ಕಿರಣವನ್ನು ಹೀರಿಬಿಡುವುದರಿಂದ ನೆಲದ ದೂರದರ್ಶಕಕ್ಕೆ ಅದು ಸಿಗದು. ಭೂಮಿಯ ಆಸುಪಾಸಿನಲ್ಲಿ ಒಂದು ಪರಮಾಣು ಸೆಕೆಂಡಿಗೆ ಸುಮಾರು 0.002 ಫೋಟಾನ್ (ಬೆಳಕಿನ ಕಣ) ಚದುರಿಸುತ್ತದೆ, ಅಂದರೆ ಎಂಟು ನಿಮಿಷಕ್ಕೊಂದು. ಹೊಳಪಿನ ಏಕಮಾನ ರೇಲಿ: ದೃಷ್ಟಿರೇಖೆಯುದ್ದಕ್ಕೂ 1 ಚದರ ಸೆಂ.ಮೀ. ದಪ್ಪದ ಕಂಬದಿಂದ ಎಲ್ಲ ದಿಕ್ಕಿಗೂ ಸೇರಿ ಸೆಕೆಂಡಿಗೆ 10 ಲಕ್ಷ ಫೋಟಾನ್. 1,000 ರೇಲಿ ಕಂಡರೆ 100 ಕೋಟಿ ಫೋಟಾನ್. ಅದನ್ನು 0.002ರಿಂದ ಭಾಗಿಸಿದರೆ ಆ ಕಂಬದಲ್ಲಿ 50,000 ಕೋಟಿ ಪರಮಾಣು.

ಇದು ಇಡೀ ಕಂಬದ ಮೊತ್ತ. ಯಾವ ಎತ್ತರದಲ್ಲಿ ಎಷ್ಟು ಎಂದು ತಿಳಿಯಲು ಹಲವು ದಿಕ್ಕುಗಳಿಂದ ನೋಡಿ ಲೆಕ್ಕ ಬಿಡಿಸಬೇಕು. ಮೇಲಾಗಿ 0.002 ಸ್ಥಿರಸಂಖ್ಯೆಯಲ್ಲ, ಸೂರ್ಯನ ಚಟುವಟಿಕೆಯೊಂದಿಗೆ ಏರಿಳಿಯುತ್ತದೆ, ಹಾಗಾಗಿ ಸೂರ್ಯನ ಅದೇ ಕಿರಣವನ್ನೂ ಜೊತೆಜೊತೆಗೇ ಅಳೆಯಬೇಕು. ಭೂಮಿಗೆ ಹತ್ತಿರದಲ್ಲಿ ಒಂದೇ ಫೋಟಾನ್ ಪರಮಾಣುವಿನಿಂದ ಪರಮಾಣುವಿಗೆ ಹಲವು ಸಲ ಪುಟಿಯುತ್ತದೆ. ಅಲ್ಲಿ ಈ ಸರಳ ಭಾಗಾಕಾರ ನಡೆಯುವುದಿಲ್ಲ, ಬೆಳಕಿನ ಸಾಗಣೆಯ ಗಣಕ ಮಾದರಿಯೇ ಬೇಕು.

ದೊಡ್ಡ ತೊಡಕು ಹಿನ್ನೆಲೆಯದು. ನಕ್ಷತ್ರಗಳ ನಡುವಿನಿಂದ ಸೌರಮಂಡಲದೊಳಕ್ಕೆ ಹರಿದು ಬರುವ ಜಲಜನಕವೂ ಇದೇ ಬಣ್ಣದಲ್ಲಿ ನೂರಾರು ರೇಲಿ ಹೊಳೆಯುತ್ತದೆ. ಭೂಮಿಯಿಂದ ದೂರ ಹೋದಷ್ಟೂ ನಮ್ಮ ಪಾಲು ಅದರಲ್ಲಿ ಮುಳುಗಿಹೋಗುತ್ತದೆ. ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಸ್ವಾನ್ ಉಪಕರಣದ ಉಪಾಯ ಇಲ್ಲಿ ಸೊಗಸಾದದ್ದು. ಬೆಳಕಿನ ದಾರಿಯಲ್ಲಿ ಜಲಜನಕ ತುಂಬಿದ ಪುಟ್ಟ ಕೋಶವಿದೆ, ಒಳಗೆ ಟಂಗ್‌ಸ್ಟನ್ ತಂತಿ. ತಂತಿ ಕಾದಾಗ ಅಣುಗಳು ಒಡೆದು ಪರಮಾಣುಗಳಾಗಿ, ನೌಕೆಯ ಜೊತೆಗೇ ಸಾಗುವ ಜಲಜನಕದ ಬೆಳಕನ್ನು ತಡೆಯುತ್ತವೆ. ಭೂಮಿಯ ಜಲಜನಕ ಬಹುಪಾಲು ಹಾಗೆಯೇ ಸಾಗುತ್ತದೆ. ಹೊರಗಿನದು ಬೇರೆ ವೇಗದ್ದು. ಡಾಪ್ಲರ್ ಪಲ್ಲಟದಿಂದ, ಅಂದರೆ ವೇಗಕ್ಕೆ ತಕ್ಕಂತೆ ಬೆಳಕಿನ ತರಂಗದ ಉದ್ದ ತುಸು ಬದಲಾಗುವುದರಿಂದ, ಅದರ ಬೆಳಕು ಪಾರಾಗುತ್ತದೆ. ತಂತಿ ಆರಿದಾಗಿನ ಅಳತೆಯಿಂದ ಕಾದಾಗಿನದನ್ನು ಕಳೆದರೆ ಉಳಿದದ್ದು ಭೂಮಿಯ ಪಾಲು. ಆದರೆ ಹೊರಗಿನ ಹರಿವು ನಮ್ಮ ದೃಷ್ಟಿಗೆ ಅಡ್ಡಡ್ಡವಾಗಿ ಸಾಗುವ ದಿಕ್ಕಿನಲ್ಲಿ ಪಲ್ಲಟವೇ ಇರದು. ಆಗ ಕೋಶ ಎರಡನ್ನೂ ತಡೆಯುತ್ತದೆ, ವ್ಯವಕಲನ ಕೈಕೊಡುತ್ತದೆ.

1996–98ರ ಈ ಅಳತೆಗಳನ್ನು ಮತ್ತೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶವೇ ನೀವು ಕೇಳಿದ ಸುದ್ದಿ: ಹೊದಿಕೆ ಕನಿಷ್ಠ 6,30,000 ಕಿ.ಮೀ.ವರೆಗೆ ಇದೆ. 60,000 ಕಿ.ಮೀ. ದೂರದಲ್ಲಿ ಘನ ಸೆಂ.ಮೀ.ಗೆ 70 ಪರಮಾಣು, ಚಂದ್ರನ ದೂರದಲ್ಲಿ 0.2. ಇದನ್ನು ವಾತಾವರಣ ಎನ್ನುವುದು ತಪ್ಪಲ್ಲ, ಆದರೆ ಪ್ರಯೋಗಾಲಯದ ನಿರ್ವಾತವೂ ಇದಕ್ಕಿಂತ ಎಷ್ಟೋ ಪಾಲು ದಟ್ಟ.

ಉಪಕರಣದ ಸಂವೇದನೆಯೂ ವರ್ಷ ಕಳೆದಂತೆ ಕುಗ್ಗುತ್ತದೆ. ಹೊಳಪು ಗೊತ್ತಿರುವ ಬಿಸಿ ನಕ್ಷತ್ರಗಳನ್ನು ಆಗಾಗ ನೋಡಿ ಅದನ್ನು ಸರಿಹೊಂದಿಸುತ್ತಾರೆ. ಉಳಿದ ಚಿತ್ರಗಳಲ್ಲಿ ಅವೇ ನಕ್ಷತ್ರಗಳನ್ನು ಅಳಿಸಬೇಕಾಗುತ್ತದೆ. ಭೂಮಿಯನ್ನು ಸುತ್ತುವ ಉಪಗ್ರಹ ಈ ಮೋಡದ ಒಳಗೇ ಇರುವುದರಿಂದ ಇಡೀ ಆಕಾರ ಅದಕ್ಕೆ ಕಾಣದು. 2025ರ ಸೆಪ್ಟೆಂಬರ್‌ನಲ್ಲಿ ಉಡಾಯಿಸಿದ ನಾಸಾದ ಕ್ಯಾರುಥರ್ಸ್ ನೌಕೆಯನ್ನು 15 ಲಕ್ಷ ಕಿ.ಮೀ. ದೂರಕ್ಕೆ ಕಳಿಸಿದ್ದು ಅದಕ್ಕಾಗಿಯೇ.