ಹಳೇ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿದರೆ ನನ್ನ ಫೈಲ್‌ಗಳು ಹೋಗುತ್ತವಾ?

ನೀವು ಕೇಳಿರುವುದು ಎರಡು ವಿಷಯ. 2015ರ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತಾ? ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ ಟೈಪ್ ಮಾಡಿಟ್ಟ ಫೈಲ್‌ಗಳು ಆಮೇಲೆ ತೆರೆಯುತ್ತವಾ?

ಬರೀ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ, ಅಂದರೆ ಲ್ಯಾಪ್‌ಟಾಪನ್ನು ಅದರಿಂದಲೇ ಶುರು ಮಾಡಿದರೆ, ಏನೂ ಹೋಗುವುದಿಲ್ಲ. ಧೈರ್ಯವಾಗಿ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ವಿಂಡೋಸ್ 11 ಇಂಟೆಲ್ ಪ್ರೊಸೆಸರ್‌ನಲ್ಲಿ 8ನೇ ಜನರೇಷನ್‌ನಿಂದ ಈಚಿನದನ್ನು ಕೇಳುತ್ತದೆ. ನಿಮ್ಮದು 5ನೇದು, ಅಲ್ವಾ? ಹಾಗಾಗಿ ನಿಮ್ಮ 4 ಜಿಬಿ ರ್‍ಯಾಮ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ಅನ್ನುತ್ತೇನೆ. ಇದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

8 ಜಿಬಿ ಪೆನ್‌ಡ್ರೈವ್ ಸಾಕು. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು (ಇಡೀ ಮಿಂಟ್ ಇರುವ ಒಂದೇ ಫೈಲ್) ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಎಚರ್ ಅನ್ನುವ ಸಾಫ್ಟ್‌ವೇರ್‌ನಿಂದ ಬರೆಯಬೇಕು. ಆಗ ಪೆನ್‌ಡ್ರೈವ್‌ನಲ್ಲಿದ್ದದ್ದು ಮಾತ್ರ ಪೂರ್ತಿ ಹೋಗುತ್ತದೆ. ಬರೆಯುವ ಮೊದಲು ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಿಳಿಸುವ ಗುರುತು ಸಂಖ್ಯೆ) ಹೊಂದುತ್ತಾ ನೋಡಿ. ಇದು ಬರೀ ಶಾಸ್ತ್ರಕ್ಕಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ವೆಬ್‌ಸೈಟ್‌ಗೇ ಯಾರೋ ನುಗ್ಗಿ, ಕದ್ದು ಒಳನುಗ್ಗಲು ಹಿಂಬಾಗಿಲು ಇಟ್ಟ ಐಎಸ್‌ಒಗೆ ಲಿಂಕ್ ಕೊಟ್ಟಿದ್ದರು.

ಲ್ಯಾಪ್‌ಟಾಪ್ ಆನ್ ಆಗುವಾಗ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಸ್ವಲ್ಪ ಹೊತ್ತಿಗೆ ಮಿಂಟ್‌ನ ಡೆಸ್ಕ್‌ಟಾಪ್ ಬರುತ್ತದೆ. ಇದು ಇನ್ನೂ ಪೆನ್‌ಡ್ರೈವ್‌ನಿಂದ ಓಡುತ್ತಿರುತ್ತದೆ, ಹಾರ್ಡ್‌ಡಿಸ್ಕ್ ಮುಟ್ಟಿರುವುದಿಲ್ಲ. ನಿಧಾನ ಅನ್ನಿಸಿದರೆ ಬೇಜಾರಾಗಬೇಡಿ, ಪೆನ್‌ಡ್ರೈವ್ ವೇಗ ಅಷ್ಟೇ. ಇಲ್ಲೇ ವೈ-ಫೈ, ಸೌಂಡ್, ಕ್ಯಾಮೆರಾ, ಪ್ರಿಂಟರ್ ಎಲ್ಲ ನೋಡಿಕೊಳ್ಳಿ. ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗುತ್ತಾ ಅಂತಲೂ ನೋಡಿ. ವೈ-ಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್‌ನಲ್ಲಿ ಕೊಡುವುದು) ಹಾಕಿ. ಆಮೇಲೆ ಡ್ರೈವರ್ ಮ್ಯಾನೇಜರ್‌ನಲ್ಲಿ ಬೇಕಾದ ಡ್ರೈವರ್ ಸಿಗುತ್ತಾ ನೋಡಬಹುದು. ಟ್ಯಾಲಿ ಥರದ ವಿಂಡೋಸ್ ಸಾಫ್ಟ್‌ವೇರ್ ದಿನಾ ಬೇಕೇ ಬೇಕು ಅನ್ನುವವರು ವಿಂಡೋಸ್ ತೆಗೆಯಲೇಬೇಡಿ, ಜೊತೆಗೆ ಇಟ್ಟುಕೊಳ್ಳಿ.

ಇನ್ನು ಅಪಾಯದ ಜಾಗ. ಇನ್‌ಸ್ಟಾಲ್ ಶುರು ಮಾಡಿದ ಮೇಲೆ 'ಇನ್‌ಸ್ಟಲೇಷನ್ ಟೈಪ್' ಅಂತ ಒಂದು ಪರದೆ ಬರುತ್ತದೆ. ವಿಂಡೋಸ್ ಜೊತೆಗೆ ಹಾಕುವುದಾದರೆ 'ಅಲಾಂಗ್‌ಸೈಡ್' ಅನ್ನುವ ಆಯ್ಕೆ. ಅದರ ಹತ್ತಿರವೇ 'ಎರೇಸ್ ಡಿಸ್ಕ್' ಇರುತ್ತದೆ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಅಂಗಡಿಯಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿದಾಗ ಸಿ ಡ್ರೈವ್ ಹೋಗುತ್ತದೆ, ಡಿ ಡ್ರೈವ್ ಉಳಿಯುತ್ತದೆ ಅನ್ನುವ ಅಭ್ಯಾಸ ನಮಗೆ. ಮದುವೆ ಫೋಟೋ ಎಲ್ಲ ಡಿಯಲ್ಲಿದೆ, ಏನೂ ಆಗಲ್ಲ ಅಂದುಕೊಂಡು ಎರೇಸ್ ಒತ್ತುತ್ತಾರೆ. ಎರೇಸ್ ಡಿಸ್ಕ್ ಅಂದರೆ ಇಡೀ ಡಿಸ್ಕ್. ಸಿ, ಡಿ ಎರಡೂ ಹೋಗುತ್ತವೆ. ಅಲ್ಲಿ ಸಿ, ಡಿ ಅನ್ನುವ ಹೆಸರೂ ಕಾಣಿಸುವುದಿಲ್ಲ; ಎಸ್‌ಡಿಎ1, ಎಸ್‌ಡಿಎ2 ಅಂತ ಇರುತ್ತದೆ, ಗಾತ್ರ ನೋಡಿಯೇ ಗುರುತು ಹಿಡಿಯಬೇಕು. 'ಇನ್‌ಸ್ಟಾಲ್ ನೌ' ಒತ್ತಿದ ಮೇಲೂ ಯಾವ ಭಾಗ ಬದಲಾಗುತ್ತದೆ ಅಂತ ಪಟ್ಟಿ ತೋರಿಸಿ ಇನ್ನೊಮ್ಮೆ ಕೇಳುತ್ತದೆ. ಅನುಮಾನ ಬಂದರೆ ಅಲ್ಲೇ ಹಿಂದೆ ಬನ್ನಿ.

ಜೊತೆಗೆ ಹಾಕುವ ಮೊದಲು ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನೂ ಬರೆಯಲಾಗದೆ ಹೋಗಬಹುದು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬ್ಯಾಕಪ್ ಬೇರೆ ಡಿಸ್ಕ್‌ನಲ್ಲೇ ಇರಬೇಕು. ಮುಂದೆ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಲಿನಕ್ಸ್ ಒಳಗಿನ ಗಡಿಯಾರವನ್ನು ಗ್ರೀನಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ.

ನುಡಿ ಫೈಲ್‌ಗಳ ವಿಷಯ. ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಟೈಪ್ ಮಾಡಿದ್ದರೆ ಯೋಚನೆಯೇ ಇಲ್ಲ, ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆ. ಹಳೇ 'ನುಡಿ 01 ಇ' ಥರದ ಫಾಂಟ್‌ನಲ್ಲಿದ್ದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಆ ಫಾಂಟ್ ಫೈಲನ್ನು ಮಿಂಟ್‌ಗೆ ಹಾಕಿಕೊಂಡರೆ ಓದಲು ಸಿಗುತ್ತದೆ. ಆದರೆ ತಿದ್ದುಪಡಿ ಮಾಡಬೇಕಾದ ಫೈಲ್‌ಗಳನ್ನು ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಪರಿವರ್ತಕ ನುಡಿಯ ಜೊತೆಗೇ ಬರುತ್ತದೆ. ಟೈಪಿಂಗ್‌ಗೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್ ಮತ್ತು ಹಲವು ಭಾಷೆಯ ಕೀಲಿಮಣೆಗಳನ್ನು ಕೊಡುವ ಅದರ ಎಂ17ಎನ್ ಹಾಕಿ, ಕನ್ನಡದ ಪಟ್ಟಿಯಲ್ಲಿ 'ಕೆಜಿಪಿ' ಆರಿಸಿ. ಅದು ನುಡಿಯದೇ ಕೀಲಿಮಣೆ ವಿನ್ಯಾಸ, ಬೆರಳಿಗೆ ಹೊಸದಾಗಿ ಕಲಿಯುವ ಕೆಲಸ ಇರುವುದಿಲ್ಲ.