ಗಜಲ್ ಹಾಡಿದರೆ ಭಾವಗೀತೆಯಂತೆ ಕೇಳಿಸುವುದೇಕೆ?

ಶಿರಸಿಯ ಓದುಗರೊಬ್ಬರ ಪತ್ರ: “ಹಿಂದೂಸ್ತಾನಿ ಸಂಗೀತದ ಸೀನಿಯರ್ ಪರೀಕ್ಷೆ ಆಗಿದೆ. ಭಾವಗೀತೆ, ದಾಸರ ಪದ ಹಾಡುತ್ತೇನೆ. ಶೋಭಾ ಗುರ್ಟು ಅವರ ಗಜಲ್ ಎಂದರೆ ಪ್ರಾಣ. ‘ಸೈಯ್ಯಾಂ ರೂಠ್ ಗಯೇ’ ಗಜಲನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದೇನೆ. ಆದರೆ ನಾನು ಯಾವ ಗಜಲ್ ಹಾಡಿದರೂ ಭಾವಗೀತೆಯಂತೆ ಕೇಳಿಸುತ್ತದೆ ಎನ್ನುತ್ತಾರೆ. ಶ್ರಾವಣದಲ್ಲಿ ಮನೆಯೊಂದರಲ್ಲಿ ಮುಕ್ಕಾಲು ಗಂಟೆಯ ಬೈಠಕ್ ಒಪ್ಪಿಕೊಂಡಿದ್ದೇನೆ. ಮರಾಠಿ ಗಾಯಕಿಯ ದಾರಿ ನಮ್ಮ ಕಡೆಯವರಿಗೆ ಒಗ್ಗೀತೆ? ಎಲ್ಲಿ ತಪ್ಪುತ್ತಿದ್ದೇನೆ?”

ಸಂಪಾದಕರ ಉತ್ತರ:

ಮೊದಲು ಊರಿನ ಮಾತು. ಶೋಭಾ ಗುರ್ಟು ಹುಟ್ಟಿದ್ದು ಬೆಳಗಾವಿಯಲ್ಲಿ, 1925ರ ಫೆಬ್ರುವರಿ 8ರಂದು. ಆಗ ಅವರ ಹೆಸರು ಭಾನುಮತಿ ಶಿರೋಡ್ಕರ್. ತಾಯಿ ಮೇನಕಾಬಾಯಿ ನರ್ತಕಿ, ಗಾಯಕಿ. ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ಮಗಳಿಗೆ ಕಲಿಸಿದವರಲ್ಲಿ ಅಲ್ಲಾದಿಯಾ ಖಾನರ ಮಗ ಭುರ್ಜಿ ಖಾನರೂ ಇದ್ದರು. 1956ರವರೆಗೆ ಬೆಳಗಾವಿಯೂ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಾರವಾರದಿಂದ ಶಿರಸಿಯವರೆಗೆ ಇಂದಿಗೂ ಹಾರ್ಮೋನಿಯಂ, ತಬಲಾ, ನಾಟ್ಯಸಂಗೀತದ ಸಂಸ್ಕಾರ ಗಟ್ಟಿಯಾಗಿರುವುದರ ಹಿಂದೆ ಆ ನಂಟೂ ಇದೆ. ಅವರ ದಾರಿ ನಿಮಗೆ ಪರಕೀಯವಲ್ಲ.

ಆದರೆ ‘ಸೈಯ್ಯಾಂ ರೂಠ್ ಗಯೇ’ ಗಜಲ್ ಅಲ್ಲ, ಠುಮ್ರಿ. 1978ರ ಹಿಂದಿ ಚಿತ್ರವೊಂದರಿಂದ ಅದು ಮನೆಮಾತಾಯಿತು. ನಿಮ್ಮ ತೊಂದರೆಯ ಅರ್ಧ ಭಾಗ ಈ ಗೊಂದಲದಲ್ಲೇ ಇದೆ. ಠುಮ್ರಿಯಲ್ಲಿ ಮಾತು ಕಡಿಮೆ. ಮುನಿಸಿಕೊಂಡು ಹೋದ ನಲ್ಲನ ಕುರಿತ ಒಂದೇ ಸಾಲನ್ನು ಹಿಡಿದು ಒಮ್ಮೆ ಕೋಪ, ಒಮ್ಮೆ ಅಳಲು, ಒಮ್ಮೆ ಪಶ್ಚಾತ್ತಾಪ ಬರುವಂತೆ ಸ್ವರ ಬದಲಿಸಿ ಹಾಡಬೇಕು. ಇದು ಬೋಲ್ ಬನಾವ್. ಶೋಭಾ ಗುರ್ಟು ಇದರಲ್ಲಿ ಅದ್ವಿತೀಯರು. ಮುಖ, ಕೈಗಳ ಅಭಿನಯವೂ ಅವರ ಹಾಡಿನ ಅಂಗವೇ ಆಗಿತ್ತು. ಗಜಲ್ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಮಾತು ಮುಂದೆ ಸಾಗುತ್ತದೆ. ಪ್ರತಿ ಶೇರ್ ಎರಡು ಸಾಲಿನ ಸ್ವತಂತ್ರ ಪದ್ಯ. ಮೊದಲ ಸಾಲು ಒಂದು ನಿರೀಕ್ಷೆ ಹುಟ್ಟಿಸುತ್ತದೆ, ಎರಡನೆಯದು ಅದನ್ನು ತೀರಿಸುತ್ತದೆ.

ಇನ್ನು ಭಾವಗೀತೆಯಂತೆ ಕೇಳಿಸುವ ಕಾರಣ. ಭಾವಗೀತೆಯಲ್ಲಿ ಪಲ್ಲವಿ, ವಾದ್ಯ, ಚರಣ, ವಾದ್ಯ, ಮತ್ತೆ ಪಲ್ಲವಿ ಎಂಬ ಚೌಕಟ್ಟು ನಾಲಿಗೆಗೆ ಕೂತಿರುತ್ತದೆ. ಆ ರೂಢಿಯಲ್ಲಿ ಶೇರ್‌ನ ಮೊದಲ ಸಾಲು ಮುಗಿದೊಡನೆ ಹಾರ್ಮೋನಿಯಂಗೆ ಜಾಗ ಬಿಡುತ್ತೀರಿ, ಎರಡನೇ ಸಾಲಿನ ಬೆನ್ನಿಗೇ ಮೊದಲ ಶೇರ್‌ಗೆ ಜಿಗಿಯುತ್ತೀರಿ. ಈ ಎರಡು ಅಭ್ಯಾಸಗಳೂ ಶೇರ್ ಅನ್ನು ಕೊಲ್ಲುತ್ತವೆ. ಹೀಗೆ ಮಾಡಿ ನೋಡಿ: ಮೊದಲ ಸಾಲನ್ನು ಎರಡು ಸಲ ಹಾಡಿ, ಎರಡನೆಯ ಸಲ ಸ್ವರ ತುಸು ಬೇರೆಯಾಗಲಿ. ನಡುವೆ ವಾದ್ಯ ಬೇಡ, ಒಂದು ಉಸಿರಿನ ಬಿಡುವು ಸಾಕು. ಎರಡನೇ ಸಾಲನ್ನು ಪ್ರಾಸದ ಪದದ ತನಕ ನೇರವಾಗಿ, ಅಲಂಕಾರವಿಲ್ಲದೆ ಒಯ್ಯಿರಿ. ಆ ಪದ ಬಂದಾಗ ಕೇಳುಗರೇ ಅದನ್ನು ಮನಸ್ಸಿನಲ್ಲಿ ನುಡಿದಿರಬೇಕು. ವಾದ್ಯ ಬರುವುದು ಅದಾದ ಮೇಲೆ.

ಉದಾಹರಣೆಗೆ ಉರ್ದು ಕವಿ ಇಕ್ಬಾಲರ ಈ ಮತ್ಲಾ, ಅಂದರೆ ಗಜಲಿನ ಮೊದಲ ಶೇರ್:

ಸಿತಾರೋಂ ಸೇ ಆಗೇ ಜಹಾಂ ಔರ್ ಭೀ ಹೈಂ
ಅಭೀ ಇಶ್ಕ಼್ ಕೇ ಇಮ್ತಿಹಾಂ ಔರ್ ಭೀ ಹೈಂ

‘ಔರ್ ಭೀ ಹೈಂ’ ಮರಳಿ ಬರುವ ರದೀಫ್. ಅದಕ್ಕೂ ಮೊದಲಿನ ‘ಜಹಾಂ’, ‘ಇಮ್ತಿಹಾಂ’ ಕಾಫಿಯಾ, ಅಂದರೆ ಪ್ರಾಸದ ಪದ. ಮತ್ಲಾದಲ್ಲಿ ಇವು ಎರಡೂ ಸಾಲಿಗೆ ಬರುತ್ತವೆ, ಮುಂದಿನ ಶೇರ್‌ಗಳಲ್ಲಿ ಎರಡನೇ ಸಾಲಿಗೆ ಮಾತ್ರ. ಕೇಳುಗರ ಕಿವಿ ಕಾಯುವುದು ಕಾಫಿಯಾಕ್ಕೆ, ಆದ್ದರಿಂದ ತಾನ್, ಮುರ್ಕಿಯಂಥ ಅಲಂಕಾರ ಏನಿದ್ದರೂ ಅದನ್ನು ಸ್ಪಷ್ಟವಾಗಿ ಕೇಳಿಸಿದ ನಂತರವೇ.

ಈ ಸಾಲುಗಳಿಗೆ ಪ್ರಸ್ತಾರ ಹಾಕಿ. ಲಘು-ಗುರು-ಗುರು, ನಾಲ್ಕು ಸಲ: ಸಿ-ತಾ-ರೋಂ, ಸೆ-ಆ-ಗೇ, ಜ-ಹಾಂ-ಔ, ರ್-ಭೀ-ಹೈಂ. ನಾಲ್ಕು ಯಗಣ, ಅಂದರೆ ನಮ್ಮ ಭುಜಂಗಪ್ರಯಾತದ ನಡೆಯೇ. ಎಡವುವುದು ಒಂದು ಕಡೆ. ಬರೆದಂತೆ ಓದಿದರೆ ‘ಸೇ’ ಗುರು; ಛಂದಸ್ಸಿನಲ್ಲಿ ಇಲ್ಲಿ ಅದು ಲಘು. ಎರಡನೇ ಸಾಲಿನ ‘ಕೇ’ ಮಾತ್ರ ಗುರುವಾಗಿಯೇ ಉಳಿಯುತ್ತದೆ. ಉರ್ದುವಿನಲ್ಲಿ ಇಂಥ ಪ್ರತ್ಯಯಗಳು ಜಾಗ ನೋಡಿ ಕುಗ್ಗುತ್ತವೆ, ಹಾಗಾಗಿ ರಾಗ ಕೂಡಿಸುವ ಮೊದಲು ಪ್ರತಿ ಸಾಲನ್ನೂ ಹೀಗೆ ಗುರುತು ಹಾಕಿಕೊಳ್ಳಲೇಬೇಕು. ಈಗ ದಾದ್ರಾ ತಾಳಕ್ಕೆ ಕೂರಿಸಿ. ಯಗಣಕ್ಕೆ ಐದು ಮಾತ್ರೆ, ದಾದ್ರಾಕ್ಕೆ ಆರು. ಮಿಕ್ಕ ಒಂದು ಮಾತ್ರೆಯನ್ನು ಗಣದ ಕೊನೆಯ ಗುರುವಿಗೆ ಕೊಡಿ: ರೋಂ, ಗೇ ಉದ್ದವಾಗಲಿ. ಮೊದಲ ಲಘುವಿಗೆ ಕೊಟ್ಟಿರೋ, ‘ಸಿತಾರೋಂ’ ಹೋಗಿ ‘ಸೀತಾರೋಂ’ ಆಗುತ್ತದೆ. ಎಷ್ಟು ಸುಶ್ರಾವ್ಯ ಕಂಠವಿದ್ದರೂ ಬಲ್ಲವರು ಅಲ್ಲಿಗೇ ಕಿವಿ ಮುಚ್ಚುತ್ತಾರೆ.

ಉಚ್ಚಾರದಲ್ಲಿ ಕನ್ನಡಿಗರ ತಪ್ಪುಗಳು ಹೆಚ್ಚೇನಿಲ್ಲ, ಆದರೆ ಪದೇ ಪದೇ ಅವೇ. ‘ದಿಲ್’ ಎಂಬುದು ‘ದಿಲ್ಲು’ ಆಗುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಮ್ಮ ನಾಲಿಗೆ ಉಕಾರ ಅಂಟಿಸದೆ ಬಿಡದು. ‘ಜಹಾಂ’ ‘ಜಹಾಮ್’ ಆಗುತ್ತದೆ. ಅಲ್ಲಿ ತುಟಿ ಸೇರಕೂಡದು, ಸ್ವರ ಮೂಗಿಗೆ ಹೋಗಬೇಕಷ್ಟೆ. ಕೊಂಕಣಿ ಮಾತಾಡುವ ಕಾರವಾರ, ಅಂಕೋಲೆಯವರಿಗೆ ಇದು ಸಹಜವಾಗಿ ಬರುತ್ತದೆ, ಅವರಿಂದ ಕೇಳಿ ಕಲಿಯಿರಿ. ಚುಕ್ಕೆ ಇಟ್ಟು ಬರೆಯುವ ಉರ್ದು ಧ್ವನಿಗಳಲ್ಲಿ ಜ಼ (z), ಫ಼ (f) ಮೊದಲು ಸರಿಯಾಗಲಿ, ತಪ್ಪಿದರೆ ಎಲ್ಲರ ಕಿವಿಗೂ ಬೀಳುವುದು ಅವೇ. ಖ಼, ಗ಼ ಗಂಟಲಿನವು. ಕ಼ ಕೊನೆಗೆ. ನೀವು ಆರಿಸಿದ ಗಜಲನ್ನು ಉರ್ದು ಓದಲು ಬಲ್ಲವರಿಂದ ರಾಗವಿಲ್ಲದೆ ಓದಿಸಿ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಭಟ್ಕಳದ ನವಾಯತ ಮುಸ್ಲಿಮರು ತಮ್ಮ ನುಡಿಯನ್ನೇ ಉರ್ದು ಲಿಪಿಯಲ್ಲಿ ಬರೆಯುವವರು, ಅಲ್ಲಿ ಓದಿಕೊಡುವವರು ಸಿಗುತ್ತಾರೆ. ಒಂದು ಎಚ್ಚರ: ದಖನಿ ಉರ್ದು ಮನೆಮಾತಿನವರ ಬಾಯಲ್ಲಿ ಕ಼ ಸಾಮಾನ್ಯವಾಗಿ ಖ಼ ಆಗುತ್ತದೆ. ಮಾತಿಗೆ ಅದು ಚೆಂದವೇ, ಇಕ್ಬಾಲರ ಗಜಲಿಗೆ ಹೊಂದುವುದಿಲ್ಲ.

ಮಾದರಿಯ ವಿಷಯದಲ್ಲಿ ನಮ್ಮ ಸಲಹೆ ನಿಮಗೆ ಹಿಡಿಸದೆ ಹೋಗಬಹುದು. ಠುಮ್ರಿ, ದಾದ್ರಾ, ಕಜರಿ, ಹೋರಿಯಂಥ ಹಾಡುಗಳಿಗೆ ಶೋಭಾ ಗುರ್ಟು ಅವರನ್ನು ಬಿಡಬೇಡಿ. ಗಜಲಿಗೆ ಮಾತ್ರ ಮೊದಲು ಬೇಗಂ ಅಖ್ತರರನ್ನು (1914–1974) ಕೇಳಿ. ಶೋಭಾ ಗುರ್ಟು ಅವರಿಗೂ ಅವರು ಸ್ಫೂರ್ತಿಯಾಗಿದ್ದವರು. ಅಖ್ತರ್ ಪದವನ್ನು ಮೊದಲು ಇಡುತ್ತಾರೆ, ಮುರ್ಕಿ ಅದರ ಬಾಲದಲ್ಲಿ ಬಂದು ಹೋಗುತ್ತದೆ. ಬೋಲ್ ಬನಾವ್ ರುಚಿ ಹತ್ತಿದ ಕಂಠಕ್ಕೆ ಈ ಸಂಯಮ ಆಮೇಲೆ ಬರುವುದು ಕಷ್ಟ. ಅವರ ದನಿ ತಾರದಲ್ಲಿ ಒಡೆಯುವುದನ್ನು ಮಾತ್ರ ಅನುಕರಿಸಬೇಡಿ. ಅವರಿಗದು ಸಹಜವಾಗಿತ್ತು, ಬೇಕೆಂದೇ ಒಡೆದರೆ ಗಂಟಲು ಕಟ್ಟುತ್ತದೆ.

ಶ್ರುತಿಗೆ ಒಂದು ಪರೀಕ್ಷೆ. ಮಂದ್ರ ಪಂಚಮದಲ್ಲಿ ಪದ ಸ್ಪಷ್ಟವಾಗಿ ಕೇಳಿಸಬೇಕು, ತಾರ ಗಾಂಧಾರ ಚೀರಬಾರದು. ಭಾವಗೀತೆಗೆ ಕಪ್ಪು ಐದರಲ್ಲಿ (ಹಾರ್ಮೋನಿಯಂನ ಐದನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು) ಹಾಡುವವರಾದರೆ ಗಜಲಿಗೆ ಕಪ್ಪು ನಾಲ್ಕಕ್ಕೆ ಇಳಿದು ನೋಡಿ. ಆಗ ನಿಮ್ಮ ಮಧ್ಯಮ ಕಪ್ಪು ಒಂದು, ಪಂಚಮ ಕಪ್ಪು ಎರಡು. ಕಪ್ಪು ಒಂದರ ತಬಲಾ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಮಧ್ಯಮಕ್ಕೆ ಕೂಡಿಸಿಕೊಳ್ಳಬಹುದು.

ಮುಕ್ಕಾಲು ಗಂಟೆಗೆ ಎರಡು ಗಜಲ್ ಸಾಕು, ತಲಾ ಐದು ಶೇರ್, ಹನ್ನೆರಡು ನಿಮಿಷ. ಆಮೇಲೆ ಠುಮ್ರಿ. ಈ ಕ್ರಮ ಬದಲಿಸಬೇಡಿ: ಠುಮ್ರಿಯ ಕೊನೆಗೆ ತಬಲಾದವರು ಲಗ್ಗಿ ನುಡಿಸಿ ಲಯ ಏರಿಸಿದರೆಂದರೆ, ಆ ಹುರುಪಿನಲ್ಲಿರುವ ಕಿವಿ ಮತ್ತೆ ಶೇರ್‌ನ ಮಾತಿಗೆ ನಿಧಾನವಾಗಿ ಮರಳುವುದಿಲ್ಲ. ಶ್ರಾವಣವಾದ್ದರಿಂದ ಕೊನೆಗೆ ಒಂದು ಕಜರಿ ಇರಲೇಬೇಕು, ಅದು ಮಳೆಗಾಲದ್ದೇ ಹಾಡು.

ಆ ಮಳೆಯೇ ವಾದ್ಯಗಳಿಗೆ ಶತ್ರು. ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಎರಡು ಗಂಟೆ ಮೊದಲೇ ತರಿಸಿ, ಬಿಸಿಯಾಗುವ ಹಳೆಯ ಮಾದರಿಯ ತಂತಿ ಬಲ್ಬಿನ ಹತ್ತಿರ ಇಟ್ಟು ಮೆಲ್ಲಗೆ ಬೆಚ್ಚಗಾಗಿಸಿ. ಒಲೆಯ ಹತ್ತಿರ ಒಯ್ದರೆ ಕರಣೆ, ಅಂದರೆ ಚರ್ಮದ ಮೇಲಿನ ಕಪ್ಪು ಲೇಪ, ಬಿರುಕು ಬಿಡುತ್ತದೆ. ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ದಿನವೂ ಒಮ್ಮೆ ಎಲ್ಲ ಮನೆಗಳನ್ನೂ ಒತ್ತಿ. ಮರ ಉಬ್ಬಿ ಸಿಕ್ಕಿಕೊಳ್ಳುವ ಮನೆ ಯಾವುದೆಂದು ಬೈಠಕ್‌ಗೆ ಮೊದಲೇ ತಿಳಿಯುತ್ತದೆ. ಹಾರ್ಮೋನಿಯಂ ರೀಡಿನ ಶ್ರುತಿಯನ್ನಂತೂ ಆ ದಿನ ತಿದ್ದಲಾಗದು. ಆದ್ದರಿಂದ ತಂಬೂರಿಯನ್ನೂ ತಬಲಾವನ್ನೂ ಹಾರ್ಮೋನಿಯಂಗೆ ಕೂಡಿಸಿ, ಜನ ತುಂಬಿ ಕೋಣೆ ಬೆಚ್ಚಗಾದ ಮೇಲೆ, ಹಾಡು ಶುರುವಾಗುವ ಮುನ್ನ ತಬಲಾವನ್ನು ಇನ್ನೊಮ್ಮೆ ನೋಡಿಸಿ.