ಸಂಪಾದಕರ ಉತ್ತರ: ಕೆನಡಾದ ಪೊಲೀಸ್ ಮುಖ್ಯಸ್ಥರು ಮತ್ತು ಬಂದೂಕು ನಿಯಂತ್ರಣದ ಲಾಬಿ

ಒಂಟಾರಿಯೊದ ಬ್ರಾಂಪ್ಟನ್‌ನಿಂದ ಓದುಗರೊಬ್ಬರು ಬರೆದ ಪತ್ರದ ಸಾರ: ‘ಕೆನಡಾದ ಬಂದೂಕು ಕಾನೂನಿನ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ಪೊಲೀಸರೂ ನಿಯಂತ್ರಣದ ಪರ ಎಂದಿದೆ. ಇಲ್ಲಿ ನನ್ನ ಸಹೋದ್ಯೋಗಿಗಳು ಮಾತ್ರ, ಪೊಲೀಸ್ ಮುಖ್ಯಸ್ಥರೂ ಬಂದೂಕು ವಿರೋಧಿ ಲಾಬಿಯವರೂ ಒಳಗೊಳಗೇ ಒಂದು ಎನ್ನುತ್ತಾರೆ. ಯಾವುದು ನಿಜ? ನನ್ನಂಥ ಸಾಮಾನ್ಯ ನಿವಾಸಿ ಇದನ್ನು ಪರಿಶೀಲಿಸುವುದು ಹೇಗೆ?’

ಮಾನ್ಯರೇ,

ನಂಟು ಇದ್ದದ್ದು ನಿಜ, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಆದರೆ ನಿಮ್ಮ ಸಹೋದ್ಯೋಗಿಗಳು ಹೇಳುವ ಗಟ್ಟಿ ನಂಟು ಬಹುಪಾಲು 1990ರಿಂದ 2012ರವರೆಗಿನದು. ಇವತ್ತಿನ ಜಗಳಕ್ಕೂ ಅದನ್ನೇ ಅಂಟಿಸಿದರೆ ಚಿತ್ರ ಸರಿ ಬರುವುದಿಲ್ಲ. ಇನ್ನು, ಯಾರು ಯಾರ ಪಕ್ಕದಲ್ಲಿ ಕೂತು ಪತ್ರಿಕಾಗೋಷ್ಠಿ ನಡೆಸಿದರು ಎಂಬುದರಲ್ಲಿ ನಮಗೆ ಅಷ್ಟು ಆಸಕ್ತಿಯಿಲ್ಲ. ಪೊಲೀಸರ ಕೈಯಲ್ಲಿ ಮಾತ್ರ ಇರುವ ಅಂಕಿಅಂಶ ಯಾವಾಗ, ಯಾರ ಅನುಕೂಲಕ್ಕೆ ಹೊರಬಂತು ಎಂಬುದೇ ಮುಖ್ಯ ಪ್ರಶ್ನೆ.

ಮೊದಲು ಇತಿಹಾಸ, ಚುಟುಕಾಗಿ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ 14 ಮಹಿಳೆಯರ ಕೊಲೆಯಾಯಿತು. ಅದರ ಬೆನ್ನಿಗೇ ಹುಟ್ಟಿದ್ದು ‘ಕೊಯಲಿಷನ್ ಫಾರ್ ಗನ್ ಕಂಟ್ರೋಲ್’ ಎಂಬ ಬಂದೂಕು ನಿಯಂತ್ರಣದ ಹೋರಾಟ ಸಂಘಟನೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರು ವೆಂಡಿ ಕುಕಿಯರ್ ಮತ್ತು ಆ ದಿನ ಅದೇ ಕಾಲೇಜಿನಲ್ಲಿದ್ದ ಹೈಡಿ ರಥ್ಯೆನ್. ಕೆನಡಾದ ಪೊಲೀಸ್ ಮುಖ್ಯಸ್ಥರ ಸಂಘ, ಅಂದರೆ ಸಿಎಸಿಪಿ, ಇವರ ಬೇಡಿಕೆಗಳ ಬೆನ್ನಿಗೆ ನಿಂತಿತು. 1995ರಲ್ಲಿ ಸಿ-68 ಮಸೂದೆ ಪಾಸಾಗಿ ರೈಫಲ್, ಶಾಟ್‌ಗನ್‌ಗಳ ನೋಂದಣಿ ಕಡ್ಡಾಯವಾಗುವಾಗ ಸರ್ಕಾರದ ಬಳಿಯಿದ್ದ ದೊಡ್ಡ ಬಲ ಈ ಎರಡು ಸಂಘಟನೆಗಳ ಜೋಡಿಯೇ. ಸಂತ್ರಸ್ತರ ನೋವನ್ನು ಒಂದು ಸಂಘಟನೆ ಹೇಳುತ್ತಿತ್ತು, ಸಮವಸ್ತ್ರದ ಅಧಿಕಾರವಾಣಿಯನ್ನು ಇನ್ನೊಂದು ಒದಗಿಸುತ್ತಿತ್ತು. ಸರ್ಕಾರಕ್ಕೆ ನಿವ್ವಳ 20 ಲಕ್ಷ ಡಾಲರ್ ಮಾತ್ರ ಬೀಳುತ್ತದೆ ಎಂದು ಹೇಳಿದ್ದ ಯೋಜನೆ 100 ಕೋಟಿ ಡಾಲರ್ ದಾಟಲಿದೆ ಎಂದು 2002ರಲ್ಲಿ ಮಹಾಲೇಖಪಾಲರಾದ ಶೀಲಾ ಫ್ರೇಸರ್ ವರದಿ ಕೊಟ್ಟ ಮೇಲೂ ಸಂಘ ತನ್ನ ನಿಲುವು ಬಿಡಲಿಲ್ಲ.

ಭಾರತದಲ್ಲಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಕರ್ನಾಟಕದ ಡಿಜಿಪಿ ವಿಧಾನಸಭೆಯ ಮುಂದಿರುವ ಮಸೂದೆಯ ಪರ ಪತ್ರಿಕಾಗೋಷ್ಠಿ ಕರೆಯುವುದನ್ನು ನಾವು ಊಹಿಸಿಕೊಳ್ಳಲಾರೆವು. ಕೆನಡಾದಲ್ಲಿ ನಗರ ಪೊಲೀಸ್ ಮುಖ್ಯಸ್ಥರನ್ನು ನೇಮಿಸುವುದು ಹೆಚ್ಚಾಗಿ ಸ್ಥಳೀಯ ಪೊಲೀಸ್ ಮಂಡಳಿ. ಅವರು ಸೇರಿ ಕಟ್ಟಿಕೊಂಡ ಸಿಎಸಿಪಿ ಸರ್ಕಾರದ ಇಲಾಖೆಯಲ್ಲ, 1905ರಿಂದ ಇರುವ ಲಾಭರಹಿತ ಸಂಸ್ಥೆ. ವರ್ಷಕ್ಕೊಮ್ಮೆ ಸಮ್ಮೇಳನ ನಡೆಸಿ ನಿರ್ಣಯ ಪಾಸು ಮಾಡುವುದು, ಸಂಸತ್ ಸಮಿತಿಯ ಮುಂದೆ ಹೋಗಿ ಅಭಿಪ್ರಾಯ ಹೇಳುವುದು ಅದರ ಮಾಮೂಲಿ ಕೆಲಸ. ಮುಖ್ಯಸ್ಥರಿಗೆ ಒಂದು ಅಭಿಪ್ರಾಯವಿದೆ ಎಂಬುದೇ ಅಪರಾಧವಲ್ಲ.

ತೊಡಕು ಶುರುವಾಗುವುದು ಅಂಕಿಅಂಶದಲ್ಲಿ. 2009–10ರಲ್ಲಿ ನೋಂದಣಿ ರದ್ದತಿಯ ಸಿ-391 ಮಸೂದೆ ಬಂದಾಗ ಎಲ್ಲೆಡೆ ಕೇಳಿಬಂದ ವಾದ, ‘ಪೊಲೀಸರು ದಿನಕ್ಕೆ ಸುಮಾರು 11,000 ಸಲ ನೋಂದಣಿ ದತ್ತಾಂಶ ನೋಡುತ್ತಾರೆ’ ಎಂಬುದು. ಸಂಖ್ಯೆ ಸುಳ್ಳಲ್ಲ. ಆದರೆ ಅನೇಕ ಠಾಣೆಗಳಲ್ಲಿ ಗಸ್ತಿನ ಸಿಬ್ಬಂದಿ ರಾಷ್ಟ್ರೀಯ ಪೊಲೀಸ್ ಕಂಪ್ಯೂಟರಿನಲ್ಲಿ ಯಾರದ್ದೋ ಹೆಸರು ಒತ್ತಿದರೆ, ಬಂದೂಕು ದತ್ತಾಂಶಕ್ಕೂ ಒಂದು ವಿಚಾರಣೆ ತಾನಾಗಿಯೇ ಹೋಗುತ್ತಿತ್ತು. ಸಿಗ್ನಲ್ ದಾಟಿದವನ ಹೆಸರು ನೋಡಿದರೂ ಲೆಕ್ಕಕ್ಕೆ ಒಂದು. ಆ ವಿಚಾರಣೆಗಳಲ್ಲಿ ಬಹುಪಾಲು ಹೆಸರು, ವಿಳಾಸದ ಮೇಲಿನವು. ನಿರ್ದಿಷ್ಟ ಬಂದೂಕಿನ ಸರಣಿ ಸಂಖ್ಯೆಯ ಮೇಲಿನವು ಸ್ವಲ್ಪವೇ. ಕೌಟುಂಬಿಕ ಜಗಳದ ಕರೆಗೆ ಹೋಗುವ ಪೇದೆಗೆ ‘ಈ ಮನೆಯಲ್ಲಿ ಲೈಸೆನ್ಸ್‌ದಾರರಿದ್ದಾರೆ’ ಎಂಬ ಮಾಹಿತಿ ತಾನಾಗಿ ಬಂದರೂ ಉಪಯೋಗವೇ. ಆದರೆ ಆ ಮಾಹಿತಿ ಸಿಗುವುದು ಲೈಸೆನ್ಸ್ ದತ್ತಾಂಶದಿಂದ. ನೋಂದಣಿ ಹೋದ ಮೇಲೂ ಅದು ಉಳಿಯಿತು. ಈ ಎರಡನ್ನು ಬಿಡಿಸಿ ಹೇಳುವ ಹೊಣೆ ಪೊಲೀಸರದಾಗಿತ್ತು. ಒಂದೇ ದೊಡ್ಡ ಸಂಖ್ಯೆ ಲಾಬಿಯ ಕರಪತ್ರಕ್ಕೆ ಚೆನ್ನಾಗಿ ಒಪ್ಪುತ್ತಿತ್ತು, ಹಾಗಾಗಿ ಅದೇ ಓಡಾಡಿತು. ಎದುರು ಪಾಳೆಯವೂ ಕಡಿಮೆಯೇನಲ್ಲ: ಪೇದೆಗಳಲ್ಲಿ ಹೆಚ್ಚಿನವರು ನೋಂದಣಿಗೆ ವಿರುದ್ಧ ಎಂದು ಸಾರಲು ಅದು ಬಳಸಿದ ಸಮೀಕ್ಷೆಗೆ ಉತ್ತರಿಸಿದವರು ತಾವಾಗಿ ಮುಂದೆ ಬಂದವರು. ಆರಿಸಿದ ಮಾದರಿಯಲ್ಲದ ಸಮೀಕ್ಷೆಯಿಂದ ಇಡೀ ಪಡೆಯ ಮನಸ್ಸು ತಿಳಿಯುವುದಿಲ್ಲ.

ಆ ಮಸೂದೆ 2010ರ ಸೆಪ್ಟೆಂಬರ್ 22ರಂದು 153–151 ಮತಗಳಲ್ಲಿ ಬಿದ್ದುಹೋಯಿತು. ಅದಕ್ಕೆ ಕೆಲವೇ ವಾರ ಮೊದಲು ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್‌ಸಿಎಂಪಿಯ ಬಂದೂಕು ವಿಭಾಗದ ಮುಖ್ಯಸ್ಥ ಮಾರ್ಟಿ ಚೆಲಿಯಾಕ್ ಅವರನ್ನು ಹುದ್ದೆಯಿಂದ ಸರಿಸಲಾಗಿತ್ತು. ಫ್ರೆಂಚ್ ಕಲಿಯಲು ಕಳಿಸಿದ್ದೇವೆ ಎಂಬುದು ಕೊಟ್ಟ ಕಾರಣ. ಎಡ್ಮಂಟನ್‌ನಲ್ಲಿ ಸಿಎಸಿಪಿ ಸಮ್ಮೇಳನ ನಡೆಯುವ ಹೊತ್ತು ಅದು, ಅಧಿಕಾರದಲ್ಲಿದ್ದದ್ದು ನೋಂದಣಿ ಬೇಡವೆನ್ನುತ್ತಿದ್ದ ಕನ್ಸರ್ವೇಟಿವ್ ಸರ್ಕಾರ. ಒತ್ತಡ ಒಂದೇ ಕಡೆಯಿಂದ ಬರುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

‘ಪೊಲೀಸರು’ ಎಂದರೆ ಯಾರು ಎಂಬುದನ್ನೂ ಬಿಡಿಸಿ ನೋಡಿ. ಆಗಿನ ಸಿಎಸಿಪಿ ಅಧ್ಯಕ್ಷ, ಟೊರಾಂಟೊ ಮುಖ್ಯಸ್ಥ ಬಿಲ್ ಬ್ಲೇರ್ ನೋಂದಣಿಯ ಪರ. ಕ್ಯಾಲ್ಗರಿಯ ಮುಖ್ಯಸ್ಥ ರಿಕ್ ಹ್ಯಾನ್ಸನ್ ವಿರುದ್ಧ. ಪೇದೆಗಳ ರಾಷ್ಟ್ರೀಯ ಸಂಘವಾದ ಕೆನೇಡಿಯನ್ ಪೊಲೀಸ್ ಅಸೋಸಿಯೇಷನ್ ಆಗ ಪರವಾಗಿತ್ತು, ಹಾಗಾಗಿ ‘ಮೇಲಿನವರು ಪರ, ಕೆಳಗಿನವರು ವಿರುದ್ಧ’ ಎಂಬ ಸರಳ ಕಥೆಯೂ ನಿಲ್ಲುವುದಿಲ್ಲ. 2012ರಲ್ಲಿ ನೋಂದಣಿ ರದ್ದಾಯಿತು. ಅಲ್ಲಿಂದ ಮುಂದೆ ಗಂಟು ಸಡಿಲಾಯಿತು. 2019ರ ಆಗಸ್ಟ್‌ನಲ್ಲಿ ಕೈಬಂದೂಕು ನಿಷೇಧದ ಬೇಡಿಕೆ ಜೋರಾಗಿದ್ದಾಗ ಸಿಎಸಿಪಿ ಅಧ್ಯಕ್ಷರಾಗಿದ್ದ ವ್ಯಾಂಕೂವರ್ ಮುಖ್ಯಸ್ಥ ಆಡಮ್ ಪಾಮರ್ ಅದಕ್ಕೆ ಬೆಂಬಲ ಕೊಡಲಿಲ್ಲ. ಈಗಿರುವ ಕಾನೂನೇ ಸಾಕು ಎಂಬ ಅರ್ಥದ ಮಾತಾಡಿದರು. ಆರ್‌ಸಿಎಂಪಿ ಸಿಬ್ಬಂದಿಯ ಒಕ್ಕೂಟ ನ್ಯಾಷನಲ್ ಪೊಲೀಸ್ ಫೆಡರೇಷನ್, 2020ರ ಮೇ 1ರಂದು ಹಲವು ಮಾದರಿಯ ಬಂದೂಕುಗಳ ಮೇಲೆ ಬಂದ ನಿಷೇಧವೂ, ಅವನ್ನು ಸರ್ಕಾರವೇ ಹಣ ಕೊಟ್ಟು ಹಿಂಪಡೆಯುವ ಮರುಖರೀದಿ ಯೋಜನೆಯೂ ದುಬಾರಿ, ನಿಜವಾದ ಅಪಾಯವನ್ನು ಮುಟ್ಟುವುದಿಲ್ಲ ಎಂದು ಅದೇ ವರ್ಷ ಹೇಳಿಕೆ ಹೊರಡಿಸಿತು. 2025ರಲ್ಲಿ ಮರುಖರೀದಿಯ ಪ್ರಾಯೋಗಿಕ ಹಂತ ನೋವಾ ಸ್ಕೋಶಿಯ ಪ್ರಾಂತ್ಯದ ಕೇಪ್ ಬ್ರೆಟನ್‌ನಲ್ಲಿ ನಡೆಯಿತು. ಒಂಟಾರಿಯೊದ ಪ್ರಾಂತ್ಯ ಪೊಲೀಸ್ ಪಡೆ ಒಪಿಪಿ ಮರುಖರೀದಿ ಯೋಜನೆಯಲ್ಲಿ ಪಾಲ್ಗೊಳ್ಳಲು ಒಪ್ಪಲಿಲ್ಲ. ಆ ಪಡೆಯ ಕಮಿಷನರ್ ಥಾಮಸ್ ಕ್ಯಾರೀಕ್ 2023ರಲ್ಲಿ ಸಿಎಸಿಪಿ ಅಧ್ಯಕ್ಷರಾದವರು. ಲಾಬಿಯ ಜೇಬಿನಲ್ಲಿರುವ ಸಂಘದ ನಡತೆ ಇದಲ್ಲ.

ಖಾಕಿ ಬಿಟ್ಟು ರಾಜಕೀಯಕ್ಕೆ ಹೋಗುವುದೂ ಎರಡೂ ಕಡೆ ಇದೆ. ಬ್ಲೇರ್ 2015ರಲ್ಲಿ ಲಿಬರಲ್ ಸಂಸದರಾದರು, 2020ರ ನಿಷೇಧದ ಹೊತ್ತಿಗೆ ಸಾರ್ವಜನಿಕ ಸುರಕ್ಷತಾ ಸಚಿವರು. ಒಪಿಪಿಯ ಮಾಜಿ ಕಮಿಷನರ್ ಜೂಲಿಯನ್ ಫಾಂಟಿನೊ 2010ರಲ್ಲಿ ನೋಂದಣಿಯ ಕಟ್ಟಾ ವಿರೋಧಿಯಾಗಿ ಕನ್ಸರ್ವೇಟಿವ್ ಸಂಸದರಾದರು. ಹೋರಾಟಗಾರರ ಸಾಲಿನಿಂದ, ಪಾಲಿಟೆಕ್ನಿಕ್‌ನಲ್ಲಿ ಗುಂಡೇಟು ತಿಂದು ಬದುಕಿದ ನಥಾಲಿ ಪ್ರೊವೋ ಸಚಿವರ ಬಂದೂಕು ಸಲಹಾ ಸಮಿತಿಯ ಉಪಾಧ್ಯಕ್ಷರಾಗಿದ್ದರು. ಸರ್ಕಾರ ಮಾಡಿದ್ದು ಸಾಲದೆಂದು 2019ರಲ್ಲಿ ರಾಜೀನಾಮೆ ಕೊಟ್ಟು, 2025ರಲ್ಲಿ ಲಿಬರಲ್ ಸಂಸದರಾಗಿ ಬಂದರು.

ನಿಮ್ಮ ಸಹೋದ್ಯೋಗಿಗಳು ಖಂಡಿತ ಎತ್ತುವ ಪ್ರಕರಣ ನೋವಾ ಸ್ಕೋಶಿಯದ್ದು. 2020ರ ಏಪ್ರಿಲ್ 18–19ರಂದು 22 ಜನರ ಕೊಲೆಯಾಯಿತು. ಏಪ್ರಿಲ್ 28ರಂದು ನಡೆದ ಸಭೆಯಲ್ಲಿ ಆರ್‌ಸಿಎಂಪಿ ಕಮಿಷನರ್ ಬ್ರೆಂಡಾ ಲಕಿ, ಕೊಲೆಗಾರನ ಬಂದೂಕುಗಳ ವಿವರವನ್ನು ಯಾಕೆ ಹೊರಬಿಡಲಿಲ್ಲವೆಂದು ಆ ಪ್ರಾಂತ್ಯದಲ್ಲಿದ್ದ ತಮ್ಮದೇ ಪಡೆಯ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು. ಬರಲಿರುವ ಬಂದೂಕು ಕಾನೂನಿನ ಮಾತೂ ಅಲ್ಲಿ ಬಂತು. ಸಭೆಯಲ್ಲಿದ್ದ ಅಧಿಕಾರಿಯ ಟಿಪ್ಪಣಿ 2022ರ ಜೂನ್‌ನಲ್ಲಿ, ಧ್ವನಿಮುದ್ರಣ ಅದೇ ಅಕ್ಟೋಬರ್‌ನಲ್ಲಿ ಹೊರಬಂದವು. ಸಭೆ ನಡೆದ ಮೂರನೆಯ ದಿನ ಸುಮಾರು 1,500 ಮಾದರಿಗಳ ನಿಷೇಧದ ಆದೇಶ ಬಂದದ್ದರಿಂದ ಅನುಮಾನ ಹುಟ್ಟಿದ್ದು ತಪ್ಪಲ್ಲ. ಆದರೆ ತನಿಖಾ ಆಯೋಗ 2023ರ ಮಾರ್ಚ್‌ನ ಅಂತಿಮ ವರದಿಯಲ್ಲಿ, ಲಕಿ ಅವರ ಮಾತು ಹೊತ್ತಲ್ಲದ ಹೊತ್ತಿನದು, ಆಡಿದ ರೀತಿಯೂ ಸರಿಯಿರಲಿಲ್ಲ, ಆದರೆ ಅದು ಪಕ್ಷಪಾತದ್ದಲ್ಲ, ರಾಜಕೀಯ ಹಸ್ತಕ್ಷೇಪದ ಯತ್ನವನ್ನೂ ತೋರಿಸುವುದಿಲ್ಲ ಎಂದಿತು. ಮೊದಲರ್ಧ ಹೇಳಿ ಎರಡನೆಯದನ್ನು ನುಂಗುವವರನ್ನೂ, ಎರಡನೆಯದನ್ನೇ ಹೇಳಿ ಧ್ವನಿಮುದ್ರಣ ಮರೆಯುವವರನ್ನೂ ನಂಬಬೇಡಿ.

ಇನ್ನು ಪರಿಶೀಲನೆ. ಮೊದಲ ನಿಲ್ದಾಣ ಒಕ್ಕೂಟ ಸರ್ಕಾರದ ಲಾಬಿದಾರರ ನೋಂದಣಿ ಕಡತ, ಆನ್‌ಲೈನ್‌ನಲ್ಲಿ ಉಚಿತ. ಸಂಸ್ಥೆಯ ಹೆಸರಿನಲ್ಲಿ ಹುಡುಕಿ, ‘ನೋಂದಣಿ’ ಮತ್ತು ‘ಮಾಸಿಕ ಸಂಪರ್ಕ ವರದಿ’ ಎರಡನ್ನೂ ತೆರೆಯಿರಿ. ಎರಡನೆಯದರಲ್ಲಿ ದಿನಾಂಕ, ಭೇಟಿಯಾದ ಅಧಿಕಾರಿಯ ಹೆಸರು, ವಿಷಯದ ಶೀರ್ಷಿಕೆ ಇರುತ್ತವೆ; ಏನು ಮಾತಾಡಿದರು ಎಂಬುದು ಇರುವುದಿಲ್ಲ. ಸಿಸಿಎಫ್‌ಆರ್‌ನಂಥ ಬಂದೂಕುದಾರರ ಸಂಘಟನೆಗಳನ್ನೂ ಹುಡುಕಿ, ಹೋಲಿಕೆಗೆ ಬೇಕಾಗುತ್ತದೆ.

ಇಲ್ಲಿ ಏನೂ ಸಿಗದಿದ್ದರೆ ಭೇಟಿಯೇ ಆಗಿಲ್ಲ ಎಂದುಕೊಳ್ಳಬೇಡಿ. ಲಾಬಿ ಕಾನೂನು ಅನ್ವಯಿಸುವುದು ಸಂಬಳಕ್ಕೆ ಲಾಬಿ ಮಾಡುವವರಿಗೆ. ನಗರಾಡಳಿತದ ಮತ್ತು ಪ್ರಾಂತ್ಯದ ನೌಕರರು ಅಧಿಕೃತ ಹುದ್ದೆಯಲ್ಲಿ ಮಾತಾಡಿದರೆ ವಿನಾಯಿತಿ ಇದೆ. ಸಂಸತ್ ಸಮಿತಿಯ ಮುಂದಿನ ಸಾಕ್ಷ್ಯಕ್ಕೂ ವಿನಾಯಿತಿ. ಮಾಸಿಕ ವರದಿಗೆ ಬರುವುದು ಮೊದಲೇ ನಿಗದಿಯಾದ ಮೌಖಿಕ ಭೇಟಿ ಮಾತ್ರ, ಇಮೇಲ್ ಅಲ್ಲ. ಸಚಿವರ ಕಡೆಯವರೇ ಕರೆದ ನೀತಿ ಚರ್ಚೆಯೂ ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ. ಹಾಗಾಗಿ ನಗರದ ಪೊಲೀಸ್ ಮುಖ್ಯಸ್ಥರೊಬ್ಬರು ಸಚಿವರಿಗೆ ಹತ್ತು ಸಲ ಫೋನ್ ಮಾಡಿದರೂ ಕಡತ ಖಾಲಿಯಾಗಿಯೇ ಇರಬಹುದು. ನಮ್ಮ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದೊಡ್ಡ ತೂತು ಇದೇ, ಎರಡೂ ಪಾಳೆಯದವರು ಇದರ ಬಗ್ಗೆ ಮಾತಾಡುವುದು ಕಡಿಮೆ.

ತೂತನ್ನು ಸ್ವಲ್ಪ ಮುಚ್ಚುವುದು ಮಾಹಿತಿ ಹಕ್ಕಿನ ಅರ್ಜಿ. ಸಿಎಸಿಪಿ ಖಾಸಗಿ ಲಾಭರಹಿತ ಸಂಸ್ಥೆಯಾದ್ದರಿಂದ ಅದಕ್ಕೇ ಅರ್ಜಿ ಹಾಕಿ ಪ್ರಯೋಜನವಿಲ್ಲ. ನಿಮ್ಮೂರಿನ ಪೀಲ್ ಪ್ರಾದೇಶಿಕ ಪೊಲೀಸ್ ಮಾತ್ರ ಒಂಟಾರಿಯೊದ ನಗರಾಡಳಿತ ಮಾಹಿತಿ ಕಾಯ್ದೆಯೊಳಗೆ ಬರುತ್ತದೆ. ಶುಲ್ಕ 5 ಡಾಲರ್. ಆರ್‌ಸಿಎಂಪಿ ಅಥವಾ ಸುರಕ್ಷತಾ ಇಲಾಖೆಗಾದರೆ ಒಕ್ಕೂಟದ ಕಾಯ್ದೆ. ಅಲ್ಲೂ 5 ಡಾಲರ್, ಉತ್ತರಕ್ಕೆ 30 ದಿನ, ಆದರೆ ಅವಧಿ ವಿಸ್ತರಣೆ ಮಾಮೂಲು. ಕೆನಡಾದೊಳಗಿರುವ ಯಾರು ಬೇಕಾದರೂ ಕೇಳಬಹುದು, ಪೌರತ್ವವೇ ಬೇಕೆಂದಿಲ್ಲ.

ಅರ್ಜಿ ಸೋಲುವುದು ಹೆಚ್ಚಾಗಿ ಬರವಣಿಗೆಯಲ್ಲಿ. ‘ಲಾಬಿಯ ಜೊತೆಗಿನ ಸಂಬಂಧದ ಎಲ್ಲ ದಾಖಲೆ’ ಎಂದು ಕೇಳಿದರೆ ಸಾವಿರಾರು ಪುಟದ ಶುಲ್ಕದ ಅಂದಾಜು ಬರುತ್ತದೆ. ಒಂದು ಕಚೇರಿ, ಒಂದು ಸಂಸ್ಥೆ, ಆರು ವಾರದ ಅವಧಿ ಸಾಕು. ‘ಮುಖ್ಯಸ್ಥರ ಕಚೇರಿ ಮತ್ತು ಇಂಥ ಸಂಸ್ಥೆಯ ನಡುವಿನ ಇಮೇಲ್, ಪಠ್ಯ ಸಂದೇಶ, ಸಭೆಯ ಕ್ಯಾಲೆಂಡರ್ ನಮೂದು, ನಕಲು ಪ್ರತಿ ಬೇಡ’ ಎಂದು ಬರೆಯಿರಿ. ಅವಧಿಯನ್ನು ಯಾವುದಾದರೂ ಮಸೂದೆ ಅಥವಾ ಆದೇಶದ ದಿನಾಂಕದ ಹಿಂದುಮುಂದಕ್ಕೆ ಕಟ್ಟಿ. ಇನ್ನೊಂದು ಪ್ರತ್ಯೇಕ ಅರ್ಜಿಯಲ್ಲಿ ಸಂಘದ ಸದಸ್ಯತ್ವ ಶುಲ್ಕ, ಸಮ್ಮೇಳನದ ಪ್ರಯಾಣ ವೆಚ್ಚ ಕೇಳಿ; ಅದು ತೆರಿಗೆಯ ಹಣ, ಮುಚ್ಚಿಡಲು ಕಾರಣ ಸಿಗುವುದು ಕಷ್ಟ. ಸಮ್ಮೇಳನದ ಪ್ರಾಯೋಜಕರ ಪಟ್ಟಿಯನ್ನೂ ನೋಡಿ. ಕಂಪನಿಗಳ ಪ್ರಾಯೋಜಕತ್ವದ ವಿಷಯದಲ್ಲೇ 2009ರಲ್ಲಿ ಸಿಎಸಿಪಿಯ ನೈತಿಕತೆ ಸಲಹೆಗಾರರು ಹೊರನಡೆದರು. ಆ ಕಂಪನಿಗಳಲ್ಲಿ ಬಂದೂಕು ನೋಂದಣಿಯ ಸಾಫ್ಟ್‌ವೇರ್ ಗುತ್ತಿಗೆ ಪಡೆದಿದ್ದ ಸಿಜಿಐ ಕೂಡ ಇತ್ತು. ನಿಯಂತ್ರಣದ ಹೋರಾಟಗಾರರಿಗೂ ಈ ಹಣಕ್ಕೂ ಸಂಬಂಧವಿಲ್ಲ, ಬೆರೆಸಬೇಡಿ.

ಒಂಟಾರಿಯೊದಲ್ಲಿ ಹುಡುಕಾಟದ ಶುಲ್ಕ 15 ನಿಮಿಷಕ್ಕೆ 7.50 ಡಾಲರ್, ನಕಲಿಗೆ ಪುಟಕ್ಕೆ 20 ಸೆಂಟ್. ಅಂದಾಜು 100 ಡಾಲರ್ ಮುಟ್ಟಿದರೆ ಅರ್ಧ ಮುಂಗಡ ಕೇಳಬಹುದು. ಆಗ ಹಣ ಕಟ್ಟುವ ಮೊದಲು ಫೋನ್ ಮಾಡಿ ಅರ್ಜಿಯನ್ನು ಕಿರಿದು ಮಾಡಿಕೊಳ್ಳಿ. ನಿರಾಕರಿಸಿದರೆ ಪ್ರಾಂತ್ಯದ ಮಾಹಿತಿ ಆಯುಕ್ತರಿಗೆ 30 ದಿನದೊಳಗೆ ಮೇಲ್ಮನವಿ, 25 ಡಾಲರ್. ಒಕ್ಕೂಟದ ಮಾಹಿತಿ ಆಯುಕ್ತರಿಗೆ ದೂರು 60 ದಿನದೊಳಗೆ, ಉಚಿತ.

ಸಂಪಾದಕ